ಪಾಟೆ ಬಿಚ್ಚಿಸಿದ ಪಿಕಪ್

ನಮ್ಮ ಮಾವ ಜಯಪಾಲ ಅವರಿಗೆ ಯಾವುದೇ ವಸ್ತು ಗಟ್ಟಿಯಾಗಬೇಕಾದರೆ ಅದಕ್ಕೆ ಇನ್ನೊಂದನ್ನು ಸೇರಿಸಬೇಕು ಎಂಬುದಷ್ಟೇ ಗೊತ್ತು. ಕೊಟ್ಟಿಗೆಯ ತೊಲೆ ಬಾಗಿದರೆ ಪಕ್ಕದಲ್ಲಿ ಇನ್ನೊಂದು ತೊಲೆ. ನನ್ನ ಮಗಳು ಬ್ರಾಹ್ಮಿ ಸೀನಿದರೆ ಕೌದಿಯ ಮೇಲೆ ಇನ್ನೊಂದು ಕೌದಿ. ಅವರು ಹೊದಿಸಿ ಆಚೆ ಹೋಗುವುದನ್ನೇ ಕಾದಿದ್ದು, ಕೂಸು ಉಸಿರಾಡುತ್ತಿದೆಯೋ ಇಲ್ಲವೋ ಎಂದು ನಾನು ಕೌದಿ ಎತ್ತಿ ನೋಡುತ್ತಿದ್ದೆ.

ಕಾಗವಾಡದ ಆಚೆ, ದ್ರಾಕ್ಷಿ ತೋಟದ ಅಂಚಿಗೆ ನಮ್ಮ ಮನೆ. ಬೆಳಗಾವಿಯಲ್ಲಿ ಓದಿ ಬೆಳೆದ ನಾನು ಮದುವೆಯಾಗಿ ಇಲ್ಲಿಗೆ ಬಂದ ದಿನ ಅಂಗಳದಲ್ಲಿ ಮೊದಲು ಕಂಡದ್ದು ಮಾವನ ಬಿಳಿ ಪಿಕಪ್ಪು. ಅವರ ಸ್ವಂತ ತೋಟ ಚಿಕ್ಕದು. ಜೀವನವೆಲ್ಲ ಅವರು ಊರವರ ದ್ರಾಕ್ಷಿ ಸಾಗಿಸಿದವರು. ಹಸಿ ಹಣ್ಣು ಸಾಂಗಲಿ ಪೇಟೆಗೆ, ಒಣಗಿದ್ದು ತಾಸಗಾಂವಕ್ಕೆ. ಆಡು, ಕೋಳಿ ಮಾತ್ರ ಹೇರುತ್ತಿರಲಿಲ್ಲ. "ಜೈನರ ಗಾಡಿರಿ ಇದು, ಬ್ಯಾರೆ ನೋಡ್ಕೋರಿ" ಎಂದು ಕೈ ಮುಗಿದು ಕಳಿಸುತ್ತಿದ್ದರು. ಎಷ್ಟು ಹೇರಿದರೂ ಅವರ ಗಾಡಿ ಹಿಂದಕ್ಕೆ ಕುಸಿಯುವುದಿಲ್ಲ ಎಂಬ ಹೆಸರಿತ್ತು. ಅದಕ್ಕೆ ಕಾರಣ ಪಾಟೆ. ಹಿಂದಿನ ಗಾಲಿಗಳ ಅಚ್ಚಿನ ಮೇಲೆ ಒಂದರ ಮೇಲೊಂದು ಕೂತಿರುವ ಬಾಗಿದ ಉಕ್ಕಿನ ಪಟ್ಟಿಗಳಿಗೆ ನಮ್ಮ ಕಡೆ ಪಾಟೆ ಅನ್ನುತ್ತಾರೆ. ಭಾರ ಹೊರುವುದು ಅವೇ. ಮಾವ ಹೊಸ ಗಾಡಿ ತಂದ ದಿನ ಪೂಜೆಗೂ ಮೊದಲು ಪಾಟೆ ಹೆಚ್ಚಿಗೆ ಹಾಕಿಸಿದರಂತೆ. ಇದನ್ನು ಅತ್ತೆ ಜಿನಮತಿ ನಗುತ್ತ ಹೇಳುತ್ತಿದ್ದರು: "ನಂಗ ಲಗ್ನದಾಗ ಒಂದ ಎಳಿ ಸರಾ ಹಾಕಿದ ಮನಷ್ಯಾ, ಗಾಡಿಗಿ ಎಳಿ ಮ್ಯಾಲ ಎಳಿ ಹಾಕ್ಯಾನ ನೋಡ."

ದೀಪಾವಳಿ ಕಳೆದ ಮೇಲೆ ಅತ್ತೆಗೆ ಬೆನ್ನು ನೋವು ಶುರುವಾಯಿತು. ಬಳ್ಳಿ ಕಟ್ಟಿ ಕಟ್ಟಿ ಬಂದದ್ದು ಅಂದುಕೊಂಡೆವು. ನಾನು ಒಬ್ಬಳೇ ಫೋನಿನಲ್ಲಿ ಏನೇನೋ ಓದಿ ಹೆದರಿಕೊಂಡಿದ್ದೆ; ಹೇಳಿದರೆ ಅಪಶಕುನ ನುಡಿದಂತಾಗುತ್ತದೆ ಎಂದು ಸುಮ್ಮನಿದ್ದೆ. ಮಿರಜದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಬೆನ್ನುಮೂಳೆಯಲ್ಲಿ ಗಡ್ಡೆ ಕಂಡಿತು. ಕೆಲವು ವಾರ ದಿನವೂ ಕರೆದುಕೊಂಡು ಬಂದು ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಬೇಕು ಎಂದರು. ಮಲಗಿಸಿಯೇ ತರಬೇಕು, ಬೆನ್ನಿಗೆ ಧಕ್ಕೆ ತಗಲಬಾರದು, ಮೂಳೆ ಹಪ್ಪಳದಂತಾಗಿದೆ ಎಂದೂ ಹೇಳಿದರು.

"ಮಿರಜದಾಗ ಒಂದ ಖೋಲಿ ಹಿಡಿಯೂಣ್ರಿ, ಅತ್ತಿ. ದಿನಾ ಹೋಗಿ ಬರೂದ ತಪ್ಪತೈತಿ" ಎಂದು ನಾನು ಬಗೆಬಗೆಯಾಗಿ ಹೇಳಿದೆ.

"ಅಲ್ಲಿ ನೀರ ಗಾಳಿಸಿ ಕೊಡಾವ್ರು ಯಾರಬೇ? ಉಳ್ಳಾಗಡ್ಡಿ ಮುಟ್ಟದ ಒಲಿ ಎಲ್ಲಿ ತರ್ತಿ? ಹೊತ್ತ ಮುಳುಗೂದ್ರಾಗ ನನ್ನ ಮನ್ಯಾಗ ನನ್ನ ತಾಟ ನನ್ನ ಮುಂದ ಇರಬೇಕ. ರೋಗ ಬಂತಂತ ನೇಮಾ ಬಿಡಾಕ ಆಕ್ಕೈತೇನ?"

ಸೂರ್ಯ ಮುಳುಗಿದ ಮೇಲೆ ಆಕೆ ಒಂದು ತುತ್ತು ಬಾಯಿಗೆ ಹಾಕಿದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ. ಹಾಗಾಗಿ ದಿನವೂ ಹೋಗಿ ಬರುವುದೆಂದಾಯಿತು. ಕಾರಿನ ಸೀಟಿನಲ್ಲಿ ಆಕೆಗೆ ಕೂರಲು ಬಾರದು. ಆಂಬುಲೆನ್ಸ್ ದಿನವೂ ಸಿಗುವಂಥದ್ದಲ್ಲ. ನನ್ನ ಗಂಡ ವೃಷಭ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಕಬ್ಬು ನುರಿಸುವ ಕಾಲದಲ್ಲಿ ಅವನಿಗೆ ರಜೆ ಇಲ್ಲ. ಉಳಿದದ್ದು ಪಿಕಪ್ಪು ಮತ್ತು ಮಾವ.

"ಗಾಡಿ ಜರಾ ತಯಾರ ಮಾಡ್ಸತನಿ, ತಡಿ" ಎಂದು ಮಾವ ಹೊರಟರು. ಮಗುವಿನ ಔಷಧಿ ತರುವುದಿತ್ತು, ನಾನೂ ಹೋದೆ.

ಗ್ಯಾರೇಜು ಸಂಗ್ರಾಮನದು. ಮಾತಿನಲ್ಲಿ ಅರ್ಧ ಮರಾಠಿ, ಬಾಯಲ್ಲಿ ಸದಾ ಗುಟಖಾ. ಅವನು ಫೋನು ತೆಗೆದು ತೋರಿಸಿದ. ಯಾರದೋ ಪಿಕಪ್ಪು, ಅಚ್ಚಿಗೂ ಪಾಟೆಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಎತ್ತರಿಸಿದ್ದರು, ಒಂಟೆಯ ಹಾಗೆ ನಿಂತಿತ್ತು.

"ರಾಯಬಾಗದ ಪೋರಗೋಳ್ದು ನೋಡ್ರಿ, ಕಾಕಾ. ಬ್ಲಾಕ್ ಇಟ್ಟ ಎತ್ತೂಣು, ಮ್ಯಾಲ ಎರಡ ಪಾಟೆ, ಹೊಸಾ ಶಾಕಪ್ ಹಾಕೂಣು. ಗುಂಡಿ ಗಿಂಡಿ ಎಲ್ಲಾ ಕೆಳಗ ಉಳಿತಾವ. ಮ್ಯಾಲ ಕಾಕೂ ರಾಣಿಗತೆ ಮಲಗಿ ಹೋಗ್ತಾರ."

"ಇಷ್ಟ ಎತ್ತರ ಆದ್ರ ಮಗಚಿ ಬೀಳಂಗಿಲ್ಲೇನ್ರಿ?" ಎಂದೆ ನಾನು. ನನ್ನ ಚಿಂತೆಯೆಲ್ಲ ಅದೇ ಆಗಿತ್ತು.

"ವೈನಿ, ನೀವ ಕೂಸಿನ್ನ ಗಟ್ಟಿ ಹಿಡ್ಕೋರಿ. ಗಾಡಿ ನಾ ಹಿಡಿತನಿ."

ಮಾವ ನಮ್ಮಿಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ಗಾಡಿಯ ಕೆಳಗೆ ಬಗ್ಗಿ, ಹಳೆಯ ಪಾಟೆಗಳನ್ನು ಅಂಗೈಯಿಂದ ತಟ್ಟಿ ನೋಡಿದರು. "ಎಲ್ಲಾದರಕಿಂತ ಚಲೋದ ಇದ್ದದ್ದ ಹಾಕಪಾ. ಈ ಸಲ ಮಾಲ ಅಲ್ಲ. ಅಕಿ ಮಲಗಾಕಿ ಅದಾಳ."

ಮರುದಿನ ಗಾಡಿಯಲ್ಲಿ ಹಾಸಿಗೆ ಹಾಸಿ, ಮೇಲೆ ತಾಡಪತ್ರಿ ಕಟ್ಟಿ, ಬಾಗಿಲ ಹಲಗೆಯ ಮೇಲೆ ಅತ್ತೆಯನ್ನು ಮಲಗಿಸಿ ಎತ್ತಿ ಒಳಗಿಟ್ಟೆವು. ಎತ್ತುವವರ ಭುಜದ ಮಟ್ಟಕ್ಕೆ ಬಂದಿತ್ತು ಗಾಡಿ. ನಾನು ಬ್ರಾಹ್ಮಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅತ್ತೆಯ ತಲೆಯ ಹತ್ತಿರ ಕೂತೆ.

"ಸ್ನೇಹಲ, ನಿಮ್ಮ ಮಾವ ನಾ ಮದಲಗಿತ್ತಿ ಇದ್ದಾಗೂ ನನ್ನ ಇಷ್ಟ ಎತ್ತರ ಕುಂಡರ್ಸಿರಲಿಲ್ಲ" ಎಂದರು ಅತ್ತೆ.

ಅದೇ ಆ ದಾರಿಯಲ್ಲಿ ಅವರು ಆಡಿದ ಕೊನೆಯ ಚೇಷ್ಟೆಯ ಮಾತು. ಮುಖ್ಯ ರಸ್ತೆಗೆ ಬಿದ್ದೊಡನೆ ಗಾಡಿ ಕುಣಿಯತೊಡಗಿತು. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ರಸ್ತೆ ಒಡೆದುಹೋಗಿತ್ತು. ಒಂದೊಂದು ಗುಂಡಿಗೂ ಗಾಡಿ ಕಲ್ಲಿನ ಹಾಗೆ ಬಿದ್ದು ಕಲ್ಲಿನ ಹಾಗೆ ಏಳುತ್ತಿತ್ತು. ಬ್ರಾಹ್ಮಿ ಪ್ರತಿ ಏಟಿಗೂ ಎಚ್ಚೆತ್ತು ಕಿರುಚುತ್ತಿದ್ದಳು. ಅತ್ತೆ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡರು. ನಾನು ಮುಂದಿನ ಗಾಜನ್ನು ಬಡಿದು "ಸಾವಕಾಶ, ಮಾವಾರ, ಸಾವಕಾಶ" ಎಂದು ಕೂಗಿದೆ. ಮಾವ ನಡೆಯುವಷ್ಟು ನಿಧಾನ ಮಾಡಿದರು. ಆದರೂ ಏಟು ನಿಲ್ಲಲಿಲ್ಲ. ಮ್ಹೈಸಾಳದ ಹತ್ತಿರದ ಉಬ್ಬಿನಲ್ಲಿ ಅತ್ತೆಯಿಂದ ಹೊರಟ ದನಿ ಮನುಷ್ಯರದೆನಿಸಲಿಲ್ಲ. ಆಕೆಯ ಕುತ್ತಿಗೆಯ ಕೆಳಗಿದ್ದ ನನ್ನ ಕೈ ಬೆವರಿನಿಂದ ಜಾರುತ್ತಿತ್ತು. ಹಿಂತಿರುಗಿ ಹೋಗುವುದೇ, ಮುಂದೆ ಹೋಗುವುದೇ ತಿಳಿಯಲಿಲ್ಲ. ಎರಡೂ ಕಡೆ ಅದೇ ರಸ್ತೆ.

ಕರೆಂಟ್ ಕೊಡಿಸಿ ಹೊರಡುವಾಗ ಮಾವ ಮಿರಜದಲ್ಲಿ ಎಮ್ಮೆಗಳಿಗೆಂದು ಹಿಂಡಿಯ ಚೀಲ ಹೇರಿಸಿದರು. ಅತ್ತೆಯ ಕಾಲಿನ ಆಚೆ, ಎರಡೂ ಬದಿಗೆ. ಇಂಥ ಹೊತ್ತಿನಲ್ಲಿ ಹಿಂಡಿಯೇ ಎಂದು ನನಗೆ ಸಿಟ್ಟು ಬಂತು. ಆದರೆ ಗಾಡಿ ಹೊರಟು ಸ್ವಲ್ಪ ದೂರ ಬಂದ ಮೇಲೆ ಅತ್ತೆ ಬಾಯಿಯಿಂದ ಸೆರಗು ತೆಗೆದರು.

"ನಿಲ್ಲಸಂತ ಹೇಳ."

ಮಾವ ಓಡಿ ಬಂದರು.

"ರೀ, ಚೀಲ ಬಿದ್ದ ಮ್ಯಾಲ ಇದು ಕುಣಿಯೂದ ಬಿಟ್ಟೈತ್ರಿ. ಭಾರ ಬೇಕ ಇದಕ್ಕ. ನಾ ಒಬ್ಬಾಕಿ ಹಗೂರ ಆಗೇನಿ."

ಮಾವ ಚೀಲದ ಮೇಲೆ ಕೈಯಿಟ್ಟು ನಿಂತರು. ಜೀವಮಾನವೆಲ್ಲ ಹೇರಿದ ಗಾಡಿಯನ್ನೇ ಓಡಿಸಿದವರು; ಖಾಲಿ ಗಾಡಿಯ ಹಿಂಭಾಗದಲ್ಲಿ ಮಲಗಿ ಹೋದರೆ ಹೇಗಿರುತ್ತದೆಂದು ಅವರಿಗೆ ಗೊತ್ತಿರಲೇ ಇಲ್ಲ. ಗೊತ್ತಾಗುವ ಸಂದರ್ಭವಾದರೂ ಯಾವುದಿತ್ತು?

"ಅಂದ್ರ ಹೆಚ್ಚಿಗಿ ಹಾಕ್ಸೂದ ಇರಲಿಲ್ಲ. ತಗಸೂದಿತ್ತು" ಎಂದರು, ತಮಗೇ ಹೇಳಿಕೊಳ್ಳುವಂತೆ.

ಹೊತ್ತು ಮುಳುಗುವ ಮೊದಲೇ ಮನೆ ಸೇರಿದೆವು. ಅತ್ತೆ ಎರಡು ತುತ್ತು ಜೋಳದ ನುಚ್ಚು ತಿಂದು, ಬಾಯಿ ಮುಕ್ಕಳಿಸಿ ಮಲಗಿದರು.

ಬೆಳಿಗ್ಗೆ ನಾನು ಬಿಸಿನೀರು ಒಯ್ದಾಗ ಕಣ್ಣು ಬಿಟ್ಟುಕೊಂಡೇ ಇದ್ದರು. "ಕೌದಿ ತಗದ ನೋಡಬೇ ಸ್ನೇಹಲ. ನನ್ನ ಕಾಲ ಅದಾವಿಲ್ಲೋ."

ಕಾಲು ಇದ್ದವು. ನಾನು ಹಿಡಿದೆ, ತಿಕ್ಕಿದೆ, ಚಿವುಟಿದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಯಾವಾಗ ಮುಟ್ಟುತ್ತೇನೆ ಎಂದು ಕಾಯುವವರ ಹಾಗೆ.

ಆ ದಿನ ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುತ್ತ ಬಂದರು. ಎದೆಯ ಕೆಳಗೆ ಎಲ್ಲಿ ಚುಚ್ಚಿದರೂ ಆಕೆಗೆ ತಿಳಿಯಲಿಲ್ಲ. "ರಸ್ತೆದಿಂದ ಹಿಂಗಾತೇನ್ರಿ?" ಎಂದು ವೃಷಭ ಡಾಕ್ಟರನ್ನು ಕೇಳಿದ. ಗಡ್ಡೆ ನರವನ್ನು ಒತ್ತುತ್ತಿತ್ತು, ಹೇಗಿದ್ದರೂ ಆಗುತ್ತಿತ್ತೇನೋ, ಖಚಿತವಾಗಿ ಹೇಳಲು ಬರುವುದಿಲ್ಲ ಎಂದರು ಅವರು. ಮಾವ ಬಾಗಿಲಲ್ಲಿ ನಿಂತಿದ್ದರು.

ಅತ್ತೆ ಅಲ್ಲೇ ಉಳಿಯಬೇಕಾಯಿತು. ಮನೆಯಿಂದ ಗಾಳಿಸಿದ ನೀರು, ಅನ್ನ ತೆಗೆದುಕೊಂಡು ನಾನು ಬಸ್ಸಿನಲ್ಲಿ ಹೋಗುತ್ತಿದ್ದೆ. ಬಸ್ಸು ತಡವಾಗಿ ಸೂರ್ಯ ಇಳಿದ ದಿನ ಅತ್ತೆ ಡಬ್ಬಿ ತೆರೆಯಲು ಬಿಡಲಿಲ್ಲ. ಒಂದು ದಿನ ಸಂಗ್ರಾಮನ ಗ್ಯಾರೇಜಿನ ಮುಂದೆ ಬಸ್ಸು ನಿಂತಾಗ ನಮ್ಮ ಪಿಕಪ್ಪು ಕಂಡಿತು. ಅದರ ಹಿಂಭಾಗದಲ್ಲಿ, ಅತ್ತೆ ಮಲಗಿದ್ದ ಅದೇ ಹಾಸಿಗೆಯ ಮೇಲೆ, ಟೋಪಿ ಎದೆಯ ಮೇಲಿಟ್ಟುಕೊಂಡು ಮಾವ ಅಂಗಾತ ಮಲಗಿದ್ದರು. ಸಂಗ್ರಾಮ ಗಾಡಿಯನ್ನು ಮುಂದಿನ ಉಬ್ಬಿನ ಮೇಲೆ ಹತ್ತಿಸಿ ಇಳಿಸಿದ.

"ಇನ್ನೊಂದ ತಗಿ" ಎಂದ ಮಾವನ ದನಿ ಬಸ್ಸಿನ ಕಿಟಕಿಗೆ ಕೇಳಿಸಿತು.

"ಕಾಕಾ, ಬ್ಲಾಕ್ ತಗದೇನಿ, ನಾ ಹಾಕಿದ್ದ ಪಾಟೆ ತಗದೇನಿ, ನೀವ ಮೊದಲ ಹಾಕ್ಸಿದ್ದೂ ತಗದೇನಿ. ಇನ್ನ ಕಂಪನಿದಕ್ಕ ಕೈ ಹಚ್ಚೂದೇನ? ಪಾಟೆ ಬಿಚ್ಚಸೂ ಗಿರಾಕಿ ಈ ಕಡೆ ನೀವ ಒಬ್ಬಾವ್ರ. ಆಮ್ಯಾಲ ಇದರಾಗ ಒಂದ ಕ್ರೇಟ್ ದ್ರಾಕ್ಷಿ ಸುದ್ದಾ ಒಯ್ಯಾಕ ಬರೂದಿಲ್ಲ."

"ಒಯ್ಯತನಂತ ಹೇಳೇನೇನ? ಇನ್ನೊಂದ ತಗಿಯಲಾ."

ದ್ರಾಕ್ಷಿ ಕೊಯ್ಲು ಶುರುವಾಗಿತ್ತು. ಪಕ್ಕದ ತೋಟದ ವಿಶ್ವಾಸ ಬಂದು "ಜಯಪಾಲಣ್ಣಾ, ನಾಳಿ ನಮ್ಮ ಮಾಲ ಐತಿ ನೋಡ್ರಿ" ಎಂದಾಗ ಮಾವ ಆಗುವುದಿಲ್ಲ ಎಂದರು. ವಿಶ್ವಾಸ ಗಾಡಿಯ ಹಿಂಭಾಗವನ್ನು ಒಂದು ಕೈಯಿಂದ ಒತ್ತಿದ. ಅದು ತಗ್ಗಿ ಎದ್ದಿತು. "ಗಾಡಿ ಹೋಗಿ ತೊಟ್ಟಲಾ ಮಾಡಿಟ್ಟೀರಲ್ರಿ!" ಎಂದು ನಕ್ಕ.

"ಹೌದಪಾ. ತೊಟ್ಟಲಾನ" ಎಂದರು ಮಾವ. ನಗಲಿಲ್ಲ.

ಅತ್ತೆಯನ್ನು ಮನೆಗೆ ಕಳಿಸುವ ದಿನ ಮಾವ ಗಾಡಿ ತೊಳೆದು, ಹಾಸಿಗೆಗೆ ಹೊಸ ಬಟ್ಟೆ ಹೊದಿಸಿ ತಂದಿದ್ದರು. ಮರಳಿನ ಚೀಲಗಳನ್ನೂ ಇಟ್ಟಿದ್ದರು. ಡಾಕ್ಟರ ಮುಂದೆ ನಿಂತು ಕೇಳಿದರು: "ಇನ್ನ ಮುಂದ ಯಾವಾಗ ಯಾವಾಗ ತರೂಣ್ರಿ, ಸಾಹೇಬ್ರ? ದಿನಾ ಅಂದ್ರ ದಿನಾ ತರ್ತನಿ. ಗಾಡಿ ತಯಾರ ಮಾಡೇನಿ."

"ತರೋದು ಬೇಡ ಅಜ್ಜಾ. ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ."

ಮಾವ ತಲೆಯಾಡಿಸಿದರು. "ಗಾಡಿ ಮೆತ್ತಗ ಐತ್ರಿ ಈಗ" ಎಂದರು. ಡಾಕ್ಟರು ಆಗಲೇ ಮುಂದಿನ ಹಾಸಿಗೆಗೆ ಹೋಗಿದ್ದರು.

ಅದೇ ರಸ್ತೆ, ಅವೇ ಗುಂಡಿಗಳು. ನಾನು ಅದೇ ಜಾಗದಲ್ಲಿ ಕೂತಿದ್ದೆ, ಅತ್ತೆಯ ಕುತ್ತಿಗೆಯ ಕೆಳಗೆ ಕೈ ಕೊಟ್ಟು, ಪ್ರತಿ ಗುಂಡಿಗೂ ಮೈ ಬಿಗಿ ಹಿಡಿದು. ಏಟು ಬರಲಿಲ್ಲ. ಗಾಡಿ ತಗ್ಗುತ್ತಿತ್ತು, ಏಳುತ್ತಿತ್ತು, ನೀರ ಮೇಲಿನ ದೋಣಿಯಂತೆ. ಬ್ರಾಹ್ಮಿ ನನ್ನ ತೊಡೆಯ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಎಷ್ಟು ಹೊತ್ತಾದರೂ ಮಿಸುಕದಿದ್ದುದನ್ನು ನೋಡಿ ನಾನು ಅವಳ ಮೂಗಿನ ಹತ್ತಿರ ಬೆರಳಿಟ್ಟೆ. ಉಸಿರು ಬೆಚ್ಚಗೆ ತಗಲಿತು.

ಮ್ಹೈಸಾಳದ ಆ ಉಬ್ಬು ದಾಟಿದ ಮೇಲೆ ಮಾವ ಗಾಡಿ ನಿಲ್ಲಿಸಿ ಹಿಂದೆ ಬಂದರು. ಗಾಡಿಯ ಹಿಂಬಾಗಿಲನ್ನು ಹಿಡಿದು ನಿಂತು ಕೇಳಿದರು: "ವೃಷಭನ ಅವ್ವಾ, ಹ್ಯಾಂಗನಸ್ತೈತಿ?"

ಅತ್ತೆಗೆ ಏನೂ ಅನಿಸುವಂತಿರಲಿಲ್ಲ. ಮಾವನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಕೇಳಿಬಿಟ್ಟಿದ್ದರು, ಕೇಳಿದ ಮೇಲೆ ಅವರ ಮುಖ ಬಾಡಿದ ರೀತಿಯನ್ನು ನಾನು ನೋಡಲಾರದೆ ಹೋದೆ. ಅತ್ತೆ ತಲೆಯನ್ನು ಮೆಲ್ಲಗೆ ಹೊರಳಿಸಿ, ನನ್ನ ತೊಡೆಯ ಮೇಲಿನ ಕೂಸನ್ನು ತುಂಬ ಹೊತ್ತು ನೋಡಿದರು.

"ಕೂಸ ಎದ್ದಿಲ್ಲ ನೋಡ್ರಿ" ಎಂದರು. "ಆವತ್ತ ಇಲ್ಲೇ ಹೌಹಾರಿ ಎದ್ದಿತ್ತು. ಗಾಡಿ ಚಲೋ ಮಾಡ್ಸೀರಿ."

ಮಾವ ಕೂಸಿನ ಕಡೆ ನೋಡಿದರು, ಟೋಪಿ ಸರಿಮಾಡಿಕೊಂಡರು. "ಹೊತ್ತ ಮುಳುಗೂದ್ರಾಗ ಹೋಗೂಣು. ನೀ ಉಣಬೇಕಲಾ" ಎಂದು ಮುಂದಕ್ಕೆ ಹೋಗಿ ಗಾಡಿ ಚಾಲು ಮಾಡಿದರು.

ಈಗ ಪಿಕಪ್ಪು ಅಂಗಳದಲ್ಲೇ ನಿಂತಿದೆ. ಬಿಚ್ಚಿದ ಪಾಟೆಗಳು ಕೊಟ್ಟಿಗೆಯ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿವೆ. ವಾಪಸ್ ಹಾಕಿಕೊಡಲೇ ಎಂದು ಸಂಗ್ರಾಮ ಎರಡು ಸಲ ಫೋನು ಮಾಡಿದ್ದ, ಮಾವ ಎತ್ತಲಿಲ್ಲ. ಊರವರ ದ್ರಾಕ್ಷಿ ನಮ್ಮ ಮನೆಯ ಮುಂದೆಯೇ ಬೇರೆಯವರ ಗಾಡಿಗಳಲ್ಲಿ ಹೋಗುತ್ತಿದೆ. ದಿನವೂ ಬೆಳಿಗ್ಗೆ ಮಾವ ಗಾಡಿಯ ಹಾಸಿಗೆಯ ಧೂಳು ಕೊಡವಿ ಒಳಗೆ ಬರುತ್ತಾರೆ. ಅತ್ತೆಯ ಬೆನ್ನಿಗೆ ಮಲಗಿ ಮಲಗಿ ಆದ ಹುಣ್ಣಿಗೆ ನಾನು ಔಷಧಿ ಹಚ್ಚುತ್ತಿರುತ್ತೇನೆ.

"ಎಲ್ಲೇರ ಒಂದ ಸುತ್ತ ಹೋಗಿ ಬರೂಣೇನ?" ಎನ್ನುತ್ತಾರೆ.

"ಇವತ್ತ ಬ್ಯಾಡ್ರಿ. ನಾಳಿ" ಎನ್ನುತ್ತಾರೆ ಅತ್ತೆ.

ಮಾವ ಇನ್ನೊಂದು ಕೌದಿ ತಂದು ಆಕೆಯ ಕಾಲ ಮೇಲೆ ಹೊದಿಸುತ್ತಾರೆ.