ದೂತನ ಪಾಲಿನ ಅರ್ಧ ಚಪಾತಿ

ಜೆನಿ ನೀರು ಕುಡಿಯುತ್ತಿದ್ದಳು. ಶುರುವಾದದ್ದು ಅಷ್ಟರಿಂದಲೇ.

ಸ್ಕೂಲಿಗೆ ಕೊಟ್ಟ ಬಾಟಲಿ ಖಾಲಿ. ಮನೆಗೆ ಬಂದ ಮೇಲೆ ಎರಡು ಚೊಂಬು. ಮಲಗುವ ಮುಂಚೆ ಇನ್ನೊಂದು. ಏಳು ವರ್ಷದ ಹುಡುಗಿ, ಹಾಸಿಗೆ ಒದ್ದೆ ಮಾಡುವುದನ್ನು ಯಾವತ್ತೋ ಬಿಟ್ಟಿದ್ದವಳು, ಮತ್ತೆ ಒದ್ದೆ ಮಾಡತೊಡಗಿದಳು. ನಮ್ಮಮ್ಮ, ಅಂದರೆ ಜೆನಿಯ ಅಜ್ಜಿ, "ಸೆಕೆ ಕಣೋ, ಕುಡೀಲಿ ಬುಡು" ಅಂದರು. ನಾನೂ ಬಿಟ್ಟೆ. ಬಚ್ಚಲಲ್ಲಿ ಇರುವೆ ಮುತ್ತುತ್ತಿದ್ದವು. ಅದನ್ನು ನೋಡಿ ಫಿನಾಯಿಲ್ ಹಾಕಿದೆ. ಅಷ್ಟೇ ನನಗೆ ಹೊಳೆದದ್ದು.

ಜೂನ್‌ನಲ್ಲಿ ಒಂದು ಬೆಳಿಗ್ಗೆ ವಾಂತಿ ಶುರುವಾಯಿತು. ಉಸಿರು ಜೋರು. ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ. ವಿದ್ಯಾರಣ್ಯಪುರಂನಿಂದ ಆಟೋದಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿಕೊಂಡು ಹೊರಟೆ. ಪಕ್ಕದಲ್ಲಿ ನನ್ನ ಅಕ್ಕ, ಜೆನಿಯ ಅಮ್ಮ. "ಜೆನಿ, ನಾನ್ಯಾರು ಹೇಳು" ಅಂದೆ. ಅವಳು ನನ್ನನ್ನು ನೋಡಿದಳು, ಹೇಳಲಿಲ್ಲ. ಕ್ಯಾಶುವಾಲ್ಟಿಯಲ್ಲಿ ಬೆರಳಿಗೆ ಚುಚ್ಚಿ ಮೀಟರ್ ಇಟ್ಟರು. ಅದರಲ್ಲಿ ನಂಬರೇ ಬರಲಿಲ್ಲ. ‘ಹೈ’ ಅಂತ ಮಾತ್ರ ಬಂತು.

ಟೈಪ್ ಒನ್ ಡಯಾಬಿಟಿಸ್.

ಶುಗರ್ ಅಂದರೆ ವಯಸ್ಸಾದವರಿಗೆ ಬರುವುದು ಅಂದುಕೊಂಡಿದ್ದ ಮನೆ ನಮ್ಮದು. ಅಕ್ಕ ಐಸಿಯು ಬಾಗಿಲಲ್ಲೇ ಡಾಕ್ಟರನ್ನು ಕೇಳಿದಳು, "ನಾನೇ ಸ್ವೀಟ್ ಜಾಸ್ತಿ ಕೊಟ್ಬುಟ್ನಾ ಮೇಡಂ?"

"ನೀವೇನೂ ತಪ್ಪು ಮಾಡಿಲ್ಲಮ್ಮ. ಅವಳ ಮೈ ಇನ್ಸುಲಿನ್ ಮಾಡೋದು ನಿಲ್ಲಿಸ್ಬಿಟ್ಟಿದೆ. ಇನ್ಮೇಲೆ ನಾವು ಹೊರಗಿಂದ ಕೊಡ್ಬೇಕು."

"ಎಷ್ಟು ದಿನ?"

ಡಾಕ್ಟರ್ ಅಕ್ಕನ ಕೈ ಹಿಡಿದುಕೊಂಡರು. "ದಿನಾ" ಅಂದರು.

ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಲಕ್ಷ್ಮೀಪುರಂನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತೇನೆ. ಗೃಹಪ್ರವೇಶ, ನಾಮಕರಣ, ಶ್ರದ್ಧಾಂಜಲಿ, ಎಲ್ಲವೂ. ಕಲಿತದ್ದು ಯೂಟ್ಯೂಬಿನಲ್ಲಿ. ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಚರ್ಚಿನ ಸಣ್ಣ ಮಕ್ಕಳಿಗೆ ಕ್ಯಾಟಿಕಿಸಂ, ಅಂದರೆ ಧರ್ಮಪಾಠ, ಹೇಳಿಕೊಡುತ್ತೇನೆ. ಆ ಮಕ್ಕಳಿಗಾಗಿ ಒಂದು ಪುಸ್ತಕ ಮಾಡಬೇಕೆಂದು ಹೊರಟಿದ್ದೆ. ಪ್ರತಿಯೊಂದು ಮಗುವಿನ ಜೊತೆಗೂ ದೇವರು ಒಬ್ಬ ಕಾವಲು ದೂತನನ್ನು ಇಟ್ಟಿರುತ್ತಾನೆ ಎಂದು ನಾವು ನಂಬುತ್ತೇವಲ್ಲ, ಅದರ ಕಥೆ. ಹದಿನಾರು ಪುಟ, ಪುಟಕ್ಕೊಂದು ಚಿತ್ರ, ಎರಡು ಸಾಲು. ಕ್ರಿಸ್‌ಮಸ್‌ಗೆ ಮಕ್ಕಳಿಗೆ ಹಂಚೋಣ ಎಂದು ಫಾದರ್ ಒಪ್ಪಿದ್ದರು. ಪುಸ್ತಕ ಬರೆಯುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಯಾರನ್ನೂ ಕೇಳಿಯೂ ಇರಲಿಲ್ಲ. ಬರೆದದ್ದನ್ನೆಲ್ಲ ಮೊದಲು ಓದುತ್ತಿದ್ದವಳು ಜೆನಿ.

ಐಸಿಯುನಿಂದ ವಾರ್ಡಿಗೆ ಬಂದ ದಿನ ಅವಳು ಹಾಸಿಗೆಯ ಒಂದು ಅಂಚಿಗೆ ಮಲಗಿದಳು. ನರ್ಸ್ ಬಂದು ಮಧ್ಯಕ್ಕೆ ಎಳೆದರೆ ಮತ್ತೆ ಅಂಚಿಗೆ ಜರುಗಿದಳು.

"ಬಿದ್ದೋಗ್ತೀಯ ಪುಟ್ಟಿ, ಈ ಕಡೆ ಬಾ."

"ಅಲ್ಲಿ ಅವನು ಮಲಗಿದಾನೆ ಸಿಸ್ಟರ್" ಅಂದಳು.

ಸಿಸ್ಟರ್ ನನ್ನ ಮುಖ ನೋಡಿದರು. ನನಗೆ ಹೆಮ್ಮೆಯಾಯಿತು. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಹೆಮ್ಮೆಯಾಯಿತು. ದೂತನಿಗೆ ಜಾಗ ಬಿಟ್ಟು ಕೂರುವ ಹುಡುಗಿಯ ಚಿತ್ರ ನನ್ನ ಮೂರನೇ ಪುಟದಲ್ಲಿತ್ತು.

ವಾರ್ಡಿನಲ್ಲಿ ಕಷ್ಟವಾದದ್ದು ಊಟ. ಇನ್ಸುಲಿನ್ ಮೊದಲು, ಊಟ ಆಮೇಲೆ. ಸೂಜಿ ಚುಚ್ಚಿಸಿಕೊಂಡ ಸಿಟ್ಟಿಗೆ ಅವಳು ಬಾಯಿ ಬಿಗಿಹಿಡಿಯುತ್ತಿದ್ದಳು. ಇನ್ಸುಲಿನ್ ಒಳಗೆ ಹೋಗಿ ಊಟ ಹೋಗದಿದ್ದರೆ ಶುಗರ್ ಇಳಿಯುತ್ತದೆ. ತುಂಬಾ ಇಳಿದರೆ ಮಗು ಎಚ್ಚರ ತಪ್ಪುತ್ತದೆ. ಸಿಸ್ಟರ್ ಗಡಿಯಾರ ನೋಡುತ್ತ, "ಏನಾದ್ರೂ ಮಾಡಿ ತಿನ್ನಿಸಿ" ಅಂದರು. ನಾನು ಇಡ್ಲಿಯನ್ನು ಎರಡು ಭಾಗ ಮಾಡಿದೆ. "ಅರ್ಧ ನಿಂಗೆ, ಅರ್ಧ ನಿನ್ ದೂತನಿಗೆ. ಪಾಪ, ಅವನೂ ನಿನ್ ಜೊತೆ ಉಪವಾಸ ಇದಾನೆ" ಅಂದೆ. ಅವಳು ತನ್ನ ಅರ್ಧ ತಿಂದಳು. ಆಮೇಲೆ ನಾನು ದೂತನ ಕಡೆ ತಿರುಗಿ ಕೇಳಿಸಿಕೊಂಡವನ ಹಾಗೆ ತಲೆಯಾಡಿಸಿ, "ಹೊಟ್ಟೆ ತುಂಬ್ತಂತೆ, ಇದನ್ನೂ ನಿಂಗೇ ಕೊಡ್ಬೇಕಂತೆ" ಅಂದೆ. ಅದನ್ನೂ ತಿಂದಳು. ಒಂಬತ್ತು ದಿನ ಹೀಗೇ ನಡೆಯಿತು.

ಮನೆಗೆ ಬಂದ ವಾರವೇ ಅದನ್ನು ಪುಸ್ತಕಕ್ಕೆ ಸೇರಿಸಿದೆ. ಏಳನೇ ಪುಟ. ಹುಡುಗಿ ತನ್ನ ಚಪಾತಿಯಲ್ಲಿ ಅರ್ಧ ಮುರಿದು ದೂತನಿಗೆ ಇಡುತ್ತಾಳೆ. ದೂತ ತಿನ್ನುವ ಚಿತ್ರ ಎಷ್ಟು ಸಲ ಬಿಡಿಸಿದರೂ ಬಾಯಿ ಸರಿಬರಲಿಲ್ಲ. ಕೊನೆಗೆ ಖಾಲಿ ತಟ್ಟೆ ಬಿಡಿಸಿ, ‘ಯಾರೂ ನೋಡದಿರುವಾಗ ದೂತ ಬಂದು ತನ್ನ ಪಾಲು ತಿಂದು ಹೋಗುತ್ತಾನೆ’ ಎಂದು ಬರೆದೆ. ದೂತ ತನ್ನ ಅರ್ಧವನ್ನು ಮಗುವಿಗೇ ತಿರುಗಿ ಕೊಡುವುದನ್ನು ಬರೆಯಲಿಲ್ಲ. ಖಾಲಿ ತಟ್ಟೆ ಚೆನ್ನಾಗಿ ಬಂದಿತ್ತು.

ಜೆನಿಗೆ ಆ ಪುಟ ಎಲ್ಲಕ್ಕಿಂತ ಇಷ್ಟವಾಯಿತು.

ಮನೆಯ ಟೈಮ್‌ಟೇಬಲ್ ಬದಲಾಯಿತು. ಭಾವ ಲಾರಿ ಓಡಿಸುತ್ತಾರೆ, ಹೆಚ್ಚು ದಿನ ಊರಲ್ಲಿ ಇರುವುದಿಲ್ಲ. ಅಕ್ಕನನ್ನು ಗಾರ್ಮೆಂಟ್ಸ್‌ನಿಂದ ಮಧ್ಯಾಹ್ನ ಹೊರಗೆ ಬಿಡುವುದಿಲ್ಲ. ಹಾಗಾಗಿ ಮಧ್ಯಾಹ್ನದ ಇನ್ಸುಲಿನ್ ನನ್ನ ಪಾಲಿಗೆ ಬಂತು. ಹನ್ನೆರಡೂವರೆಗೆ ಸ್ಕೂಟರ್ ಹತ್ತಿ ಸ್ಕೂಲಿಗೆ ಹೋಗುವುದು, ಸ್ಟಾಫ್ ರೂಮಿನಲ್ಲಿ ಶುಗರ್ ನೋಡುವುದು, ಇನ್ಸುಲಿನ್ ಪೆನ್ನಲ್ಲಿ ಯೂನಿಟ್ ತಿರುಗಿಸುವುದು, ಹೊಟ್ಟೆಗೆ ಚುಚ್ಚಿ ಹತ್ತು ಎಣಿಸುವುದು. ಡಬ್ಬಿಯಲ್ಲಿ ಅಮ್ಮ ಕೊಟ್ಟ ಎರಡು ಚಪಾತಿಗೆ ತಕ್ಕಷ್ಟು ಡೋಸು. ನಾನು ಚುಚ್ಚುತ್ತಿದ್ದೆ, ಅವಳ ಕೈಗೆ ಡಬ್ಬಿ ಕೊಡುತ್ತಿದ್ದೆ, ಅಂಗಡಿಗೆ ಓಡುತ್ತಿದ್ದೆ. ಅವಳು ತಿನ್ನುವುದನ್ನು ನೋಡಲು ನಿಲ್ಲುತ್ತಿರಲಿಲ್ಲ.

ಆಗಸ್ಟಿನಿಂದ ಮಧ್ಯಾಹ್ನದ ಮೇಲೆ ಶುಗರ್ ಎಪ್ಪತ್ತಕ್ಕಿಂತ ಕೆಳಗೆ ಇಳಿಯತೊಡಗಿತು. ಅರವತ್ತೆರಡು. ಐವತ್ತೆಂಟು. ಸ್ಕೂಲಿಂದ ಬಂದವಳು ಬೆವರಿ, ಬೆಳ್ಳಗಾಗಿ, ಬಾಗಿಲಲ್ಲೇ ಕೂರುತ್ತಿದ್ದಳು. ಗ್ಲೂಕೋಸ್ ನೀರು ಕುಡಿಸಿದರೆ ಸರಿಹೋಗುತ್ತಿತ್ತು. ಡಬ್ಬಿ ತೆಗೆದು ನೋಡಿದರೆ ಖಾಲಿ. "ಪೂರ್ತಿ ತಿಂದ್ಯಾ?" ಅಂದರೆ "ಖಾಲಿ ಆಯ್ತು" ಅನ್ನುತ್ತಿದ್ದಳು. ಅವಳು ಸುಳ್ಳು ಹೇಳುವವಳಲ್ಲ. ಆಗಲೂ ಹೇಳಿರಲಿಲ್ಲ. ನಾನು ಕೇಳಿದ್ದು ಒಂದು, ಅವಳು ಹೇಳಿದ್ದು ಇನ್ನೊಂದು. ನನ್ನ ಗಮನಕ್ಕೆ ಬರಲಿಲ್ಲ. ಡಾಕ್ಟರ್ ಡೋಸು ಅರ್ಧ ಯೂನಿಟ್ ಇಳಿಸಿದರು.

ದಸರಾ ರಜೆಯಲ್ಲಿ ಒಂದು ದಿನವೂ ಶುಗರ್ ಲೋ ಆಗಲಿಲ್ಲ. ಲೈಟಿಂಗ್ ತೋರಿಸಲು ಕರೆದುಕೊಂಡು ಹೋದೆ, ಅಷ್ಟು ನಡೆದರೂ ಆಗಲಿಲ್ಲ. ಬದಲಿಗೆ ಸ್ವಲ್ಪ ಜಾಸ್ತಿಯೇ ಬರುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿ ಹಳೇ ಡೋಸಿಗೆ ಬಂದೆವು. ಕಾಯಿಲೆ ನಮ್ಮ ಮಾತು ಕೇಳಲು ಶುರುಮಾಡಿದೆ ಎಂದು ಅಮ್ಮ ಜಪಸರ ಹಿಡಿದು ದೇವರಿಗೆ ಸ್ತೋತ್ರ ಹೇಳಿದರು.

ಸ್ಕೂಲು ಶುರುವಾದ ಮೂರನೇ ದಿನ ಮಧ್ಯಾಹ್ನ ಜೆನಿಯ ಕ್ಲಾಸ್ ಟೀಚರ್ ಫೋನ್ ಮಾಡಿದರು.

"ಜೆನಿ ಬಿದ್ದೋಗ್ಬುಟ್ಲು. ಕೈಕಾಲು ಎಳೀತಿದೆ. ಕರ್ಕೊಂಡು ಆಸ್ಪತ್ರೆಗೆ ಹೊರಟಿದೀವಿ, ಬನ್ನಿ."

ಶುಗರ್ ಮೂವತ್ತೊಂದು.

ಡ್ರಿಪ್ಪಿನಲ್ಲಿ ಗ್ಲೂಕೋಸ್ ಹೋಗುತ್ತ ಹೋಗುತ್ತ ಅವಳ ಕಣ್ಣಿಗೆ ಬೆಳಕು ಬಂತು. ನಾನು ಅವಳ ಪಾದ ಹಿಡಿದುಕೊಂಡು ನಿಂತಿದ್ದೆ. ಕೈ ಹಿಡಿಯಲು ಧೈರ್ಯ ಬಂದಿರಲಿಲ್ಲ.

ಮಾರನೇ ದಿನ ಡಾಕ್ಟರ್ ನಮ್ಮ ಶುಗರ್ ಡೈರಿಯನ್ನು ಮಂಚದ ಮೇಲೆ ಬಿಡಿಸಿಕೊಂಡು ಕೂತರು. ಅಕ್ಕನೂ ಇದ್ದಳು.

"ನೋಡಿ, ಶನಿವಾರ ಭಾನುವಾರ ಲೋ ಇಲ್ಲ. ರಜೇಲಿ ಇಲ್ಲ. ಸ್ಕೂಲ್ ಇದ್ದ ದಿನ ಮಾತ್ರ. ಜೆನಿ, ಸ್ಕೂಲಲ್ಲಿ ಊಟ ಯಾರಿಗಾದ್ರೂ ಕೊಡ್ತೀಯಾ?"

"ಫ್ರೆಂಡ್ಸ್‌ಗೆ ಕೊಡಲ್ಲ" ಅಂದಳು ಜೆನಿ. "ಅವನಿಗೆ ಅರ್ಧ ಕೊಡ್ತೀನಿ."

"ಯಾರಿಗೆ?"

"ನನ್ ಕಾವಲು ದೂತನಿಗೆ. ಒಂದು ಚಪಾತಿ ನಂಗೆ, ಒಂದು ಅವನಿಗೆ. ಕಿಟಕಿ ಮೇಲೆ ಇಟ್ಟು ಆ ಕಡೆ ತಿರುಗ್ಕೊಂಡ್ರೆ ತಿಂದ್ಬುಡ್ತಾನೆ. ದಿನಾ ತಿಂತಾನೆ."

ಸ್ಕೂಲಿನ ಆ ಕಿಟಕಿಯ ಹೊರಗೆ ಹೊಂಗೆ ಮರವಿದೆ. ಮರದ ತುಂಬ ಅಳಿಲು.

"ಮತ್ತೆ ಮನೇಲಿ ಯಾಕೆ ಇಡಲ್ಲ?" ಡಾಕ್ಟರ್ ಕೇಳಿದರು.

"ಮನೇಲಿ ಅಜ್ಜಿ ನೋಡ್ತಾ ಇರ್ತಾರಲ್ಲ. ಯಾರಾದ್ರೂ ನೋಡಿದ್ರೆ ಅವನು ಬರಲ್ಲ. ಮಾಮನೇ ಬರ್ದಿರೋದು."

ಅಕ್ಕ ನನ್ನ ಕಡೆ ತಿರುಗಿದಳು. ಕೂಗಲಿಲ್ಲ. "ನಿನ್ ಪುಸ್ತಕ ನನ್ ಮಗೂನ ತಿಂದಾಕ್ತಿತ್ತು ಕಣೋ" ಅಂದಳು.

ಮನೆಗೆ ಬಂದ ಮೇಲೆ ಇನ್ಸುಲಿನ್ ಪೆನ್ನು ನನ್ನ ಬ್ಯಾಗಿನಿಂದ ತೆಗೆದುಕೊಂಡಳು. ಗಾರ್ಮೆಂಟ್ಸ್‌ಗೆ ರಜೆ ಹಾಕಿ ತಾನೇ ಸ್ಕೂಲಿಗೆ ಹೋಗತೊಡಗಿದಳು. ಎಷ್ಟು ದಿನ ರಜೆ ಸಿಗುತ್ತದೆ ಎಂದು ಕೇಳುವ ಮುಖ ನನಗಿರಲಿಲ್ಲ.

ಪುಸ್ತಕದ ಫೈಲನ್ನು ಡಿಲೀಟ್ ಮಾಡಬೇಕೆಂದುಕೊಂಡೆ. ಅದಕ್ಕೂ ಮೊದಲು ಫಾದರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಏಳನೇ ಪುಟವನ್ನು ನನ್ನ ಮೊಬೈಲಿನಲ್ಲಿ ತುಂಬಾ ಹೊತ್ತು ನೋಡಿದರು.

"ದೂತರಿಗೆ ಮೈಯೇ ಇಲ್ಲ ಕಣಪ್ಪ. ಹೊಟ್ಟೆ ಎಲ್ಲಿಂದ ಬರುತ್ತೆ? ಚಿಕ್ಕವನಾಗಿದ್ದಾಗ ಕ್ಯಾಟಿಕಿಸಂನಲ್ಲಿ ನಿದ್ದೆ ಹೊಡೀತಿದ್ದಾ?"

"ಇಲ್ಲ ಫಾದರ್. ಚಿತ್ರ ಬರೀತಿದ್ದೆ."

"ಅದೂ ಸರಿ. ನೋಡಿದ್ರೆ ಗೊತ್ತಾಗುತ್ತೆ."

"ಪುಸ್ತಕ ನಿಲ್ಲಿಸ್ಬುಡ್ತೀನಿ ಫಾದರ್."

ಅವರು ಮೊಬೈಲ್ ನನ್ನ ಕೈಗೆ ಕೊಟ್ಟರು. "ಇದನ್ನ ಅಳಿಸ್ಬಹುದು. ಆ ಮಗು ತಲೇಲಿರೋ ಪುಟಾನ ಏನ್ಮಾಡ್ತೀಯ? ಅದನ್ನ ಬರೆದೋನೇ ತಿದ್ದಬೇಕು. ಬೇರೆ ಯಾರು ಹೇಳಿದ್ರೂ ಅವಳು ನಂಬಲ್ಲ."

ಅಂದು ಸಂಜೆಯೇ ಕೂತೆ. ಹದಿನಾರೂ ಪುಟ ಮತ್ತೆ ಓದಿದೆ, ಈ ಸಲ ಜೆನಿಯ ಕಣ್ಣಿನಿಂದ. ಮೆಟ್ಟಿಲಿಂದ ಬೀಳುವ ಮಗುವನ್ನು ದೂತ ಹಿಡಿಯುತ್ತಾನೆ. ಹಾಗಾದರೆ ಮೆಟ್ಟಿಲು ನೋಡಿಕೊಂಡು ಇಳಿಯಬೇಕಾಗಿಲ್ಲ. ಹೇಳದಿದ್ದರೂ ದೂತನಿಗೆ ಎಲ್ಲ ಗೊತ್ತಿರುತ್ತದೆ. ಹಾಗಾದರೆ ತಲೆ ತಿರುಗುತ್ತಿದೆ ಎಂದು ಮಿಸ್‌ಗೆ ಹೇಳಬೇಕಾಗಿಲ್ಲ. ಒಂದೊಂದು ಪುಟದಲ್ಲೂ ಒಂದೊಂದು ಕಿಟಕಿ, ಒಂದೊಂದು ಚಪಾತಿ. ಆರು ಪುಟ ತೆಗೆದುಹಾಕಿದೆ.

ಜೆನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. "ಮಾಮ ತಪ್ಪು ಬರ್ದಿದ್ದೆ. ದೂತ ಊಟ ಮಾಡಲ್ಲ. ಅವನಿಗೆ ಹಸಿವೇ ಆಗಲ್ಲ. ಡಬ್ಬೀಲಿರೋದೆಲ್ಲ ನಿಂದೇ."

ಯೋಚಿಸಿದಳು. "ಹಂಗಾದ್ರೆ ನನ್ ಚಪಾತಿ ತಿಂದಿದ್ದು ಯಾರು?"

"ಅಳಿಲು."

"ನಾನು ಬಿದ್ದಾಗ ಅವನು ಮಿಸ್‌ಗೆ ಹೇಳಿದ್ನಾ?"

"ಇಲ್ಲ. ಅವನು ಹೇಳೋದು ಯಾರಿಗೂ ಕೇಳ್ಸಲ್ಲ. ನೀನೇ ಹೇಳ್ಬೇಕು."

"ಊಟಾನೂ ಮಾಡಲ್ಲ, ಹೇಳೋದೂ ಇಲ್ಲ. ಮತ್ಯಾಕೆ ಇದಾನೆ ಅವನು?"

"ಗೊತ್ತಿಲ್ಲ" ಎಂದೇ ಹೇಳಿದೆ. ಮೊದಲಿನ ಹಾಗೆ ಏನೋ ಒಂದು ಕಟ್ಟಿ ಹೇಳುವುದಿಲ್ಲ ಎಂದು ತೀರ್ಮಾನ ಮಾಡಿದ್ದೆ. ತೆಗೆದ ಪುಟಗಳಲ್ಲಿ ಐದನ್ನು ಹೊಸದಾಗಿ ಮಾಡಿ ಮುಗಿಸಿದೆ. ಏಳನೇ ಪುಟ ಎರಡು ವಾರ ಬಿಳಿಯಾಗಿಯೇ ಉಳಿಯಿತು. ಅಂಗಡಿಯಲ್ಲಿ ಹುಟ್ಟುಹಬ್ಬದ ಬ್ಯಾನರ್ ಮಾಡುತ್ತಿದ್ದರೂ ತಲೆಯಲ್ಲಿ ಅದೇ ಪ್ರಶ್ನೆ. ನಾನು ಅವನನ್ನು ನಂಬುತ್ತೇನೆ. ಚಿಕ್ಕಂದಿನಿಂದ ದಿನಾ ಅವನಿಗೆ ಜಪ ಹೇಳಿದ್ದೇನೆ. ಆದರೆ ಯಾಕೆ ಇದ್ದಾನೆ ಎಂದು ಏಳು ವರ್ಷದವಳಿಗೆ ಎರಡು ಸಾಲಿನಲ್ಲಿ ಹೇಳಲು ಬರಲಿಲ್ಲ.

ನವೆಂಬರಿನಲ್ಲಿ ಒಂದು ದಿನ ಪಿಟಿ ಪೀರಿಯಡ್‌ನಲ್ಲಿ ಅವಳಿಗೆ ಲೋ ಆಯಿತು. ಓಡಿದ್ದು ಜಾಸ್ತಿಯಾಗಿತ್ತು, ಅದು ಯಾರ ತಪ್ಪೂ ಅಲ್ಲ. ಈ ಕಾಯಿಲೆಯಲ್ಲಿ ಹಾಗೂ ಆಗುತ್ತದೆ. ಈ ಸಲ ಬೀಳಲಿಲ್ಲ. ಎಲ್ಲರೂ ಸಾಲಾಗಿ ನಿಂತಿದ್ದಾಗ ಸಾಲು ಬಿಟ್ಟು ಹೋಗಿ, "ಮಿಸ್, ನಂಗೆ ಲೋ ಆಗ್ತಿದೆ, ಗ್ಲೂಕೋಸ್ ಕೊಡಿ" ಅಂದಳಂತೆ. ಸಾಲು ಬಿಟ್ಟರೆ ಬೈಯುವ ಪಿಟಿ ಮಿಸ್ ಅವರು. ಜೆನಿಗೆ ಅವರನ್ನು ಕಂಡರೆ ಭಯ.

ಸಂಜೆ ಕೇಳಿದೆ. "ಹೆದರಿಕೆ ಆಗ್ಲಿಲ್ವಾ?"

"ಆಯ್ತು."

"ಮತ್ತೆ?"

"ಅವನು ಹೇಳಲ್ಲ ಅಂದ್ಯಲ್ಲ. ಅದಕ್ಕೆ ನಾನೇ ಹೇಳ್ದೆ. ಹೇಳೋವಾಗ ಪಕ್ಕದಲ್ಲಿ ನಿಂತಿದ್ದ."

ಅಷ್ಟು ಹೇಳಿ ಟಿವಿ ಹಾಕಿದಳು.

ಏಳನೇ ಪುಟದಲ್ಲಿ ಈಗ ಒಬ್ಬ ಹುಡುಗಿ ಮಿಸ್ ಮುಂದೆ ನಿಂತಿದ್ದಾಳೆ. ಪಕ್ಕದಲ್ಲಿ ದೂತ. ಅವನ ಬಾಯಿ ಮುಚ್ಚಿದೆ. ಕೆಳಗೆ ಜೆನಿ ಹೇಳಿದ್ದೇ ಇದೆ, ನಾನು ಸೇರಿಸಿದ್ದು ಏನೂ ಇಲ್ಲ. ಫಾದರ್ ಓದಿ, "ಇದು ಸರಿ" ಅಂದರು. ಅಕ್ಕ ಅಡುಗೆಮನೆಯಲ್ಲಿ ನಿಂತುಕೊಂಡೇ ಹದಿನಾರೂ ಪುಟ ನೋಡಿದಳು. ಏಳನೆಯದಕ್ಕೆ ಬಂದಾಗ ಸೆರಗಿನಲ್ಲಿ ಕೈ ಒರೆಸಿಕೊಂಡು ದೊಡ್ಡದು ಮಾಡಿ ನೋಡಿದಳು. "ಇವನ ಒಂದು ರೆಕ್ಕೆ ಸಣ್ಣದಾಯ್ತು" ಅಂದಳು. ಮೊಬೈಲನ್ನು ನನ್ನ ಕೈಗೆ ಕೊಡುತ್ತ, "ನನ್ ರಜೆ ಮುಗೀತು. ನಾಳೆಯಿಂದ ಮಧ್ಯಾಹ್ನ ನೀನೇ ಹೋಗು" ಅಂದಳು.

ಪುಸ್ತಕ ಮುಂದಿನ ವಾರ ನಮ್ಮ ಅಂಗಡಿಯಲ್ಲೇ ಪ್ರಿಂಟಾಗುತ್ತದೆ. ಜೆನಿಯ ಶುಗರ್ ಒಂದು ದಿನ ಹೇಳಿದ ಹಾಗೆ ಕೇಳುತ್ತದೆ, ಇನ್ನೊಂದು ದಿನ ಕೇಳುವುದಿಲ್ಲ. ಅವಳ ಬೆರಳ ತುದಿಗಳಲ್ಲಿ ಚುಕ್ಕೆಗಳಿವೆ. ದೇವರಿಗೆ, ಡಾಕ್ಟರಿಗೆ, ಆ ಕ್ಲಾಸ್ ಟೀಚರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಆದರೆ ಥ್ಯಾಂಕ್ಸ್ ಹೇಳಿ ಸುಮ್ಮನೆ ಕೂರುವ ಕಾಯಿಲೆ ಇದಲ್ಲ.

ಓನರಿಗೆ ಹೇಳಿ ಮಧ್ಯಾಹ್ನ ಅರ್ಧ ಗಂಟೆ ಜಾಸ್ತಿ ಕೇಳಿಕೊಂಡಿದ್ದೇನೆ. ಬದಲಿಗೆ ಸಂಜೆ ಕೂರುತ್ತೇನೆ. ಈಗ ಚುಚ್ಚಿದ ಮೇಲೆ ನಾನು ಹೊರಡುವುದಿಲ್ಲ. ಸ್ಕೂಲ್ ಜಗಲಿಯ ಮೇಲೆ ಅವಳ ಎದುರಿಗೆ ಕೂರುತ್ತೇನೆ. ಅವಳಿಗೆ ಅದು ಗೊತ್ತು. ಬೇಕೆಂದೇ ನಿಧಾನ ತಿನ್ನುತ್ತಾಳೆ, ಪಲ್ಯದಲ್ಲಿರುವ ಒಂದೊಂದೇ ಹುರುಳಿಕಾಯನ್ನು ಎತ್ತಿ ನೋಡುತ್ತ.

"ಮಾಮ, ನಿಂಗೆ ಲೇಟಾಯ್ತು. ನೀನು ಹೋಗು, ನಾನು ತಿಂತೀನಿ."

"ತಿನ್ನು" ಅನ್ನುತ್ತೇನೆ.