ನನ್ನ ಮಾರು, ಅವನ ಕೈ

ಎಂಬತ್ತರ ದಶಕದ ಶುರುವಿನಲ್ಲಿ ನಾನು ತುಮಕೂರಿನ ಹತ್ತಿರದ ಹಿರೇಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಟೆಂಪರರಿ ಫಿಟ್ಟರ್. ಮಿಲಿಟರಿಯ ರೇಡಿಯೋ ಸೆಟ್ಟುಗಳಿಗೆ ಆಂಟೆನಾ ಮಾಡುತ್ತಿದ್ದೆವು. ಫ್ರೀಕ್ವೆನ್ಸಿ ಬದಲಾದಾಗ ಆಂಟೆನಾದ ಉದ್ದವೂ ಬದಲಾಗಬೇಕು. ಇಲ್ಲದಿದ್ದರೆ ಎಷ್ಟು ಅರಚಿದರೂ ಆಚೆಯವನಿಗೆ ಕೇಳಿಸದು. ಅದಕ್ಕಾಗಿ ಸೈನಿಕರು ಅಳತೆಗೊಂದು ತಂತಿ ಹೊತ್ತು ತಿರುಗಬೇಕಿತ್ತು.

ನಾನು ಒಂದೇ ತಂತಿಯನ್ನು ರಾಟೆಗೆ ಸುತ್ತಿ, ಬೇಕಾದ ಉದ್ದಕ್ಕೆಲ್ಲ ದಾರದ ಗಂಟು ಹಾಕಿದೆ. ಬೆರಳಿಗೆ ಗಂಟು ಸಿಗುವವರೆಗೆ ಬಿಚ್ಚಿದರೆ ಮುಗಿಯಿತು. ಕುಣಿಗಲ್ ಪಕ್ಕದ ನಮ್ಮೂರು ಕೊತ್ತಗೆರೆಯಲ್ಲಿ ಅಪ್ಪ ಎರಡೂ ಕೈ ಚಾಚಿ ಬಾವಿ ಹಗ್ಗವನ್ನು ಮಾರು ಲೆಕ್ಕದಲ್ಲಿ ಅಳೆಯುತ್ತಿದ್ದರು. ನಾನೂ ಹಾಗೇ ಅಳೆದು, ಸೆಟ್ಟಿನ ಮೀಟರಿನ ಮುಳ್ಳು ಮೇಲೇಳುವ ಕಡೆ ಗಂಟು ಕಟ್ಟಿ, ನೋಟ್‌ಬುಕ್ಕಿನಲ್ಲಿ ಎರಡು ಮಾರು, ಎರಡೂವರೆ ಮಾರು ಎಂದು ಬರೆದಿಟ್ಟೆ. ಇದು ಪಾಸಾದರೆ ಕೆಲಸ ಪರ್ಮನೆಂಟ್ ಆಗುತ್ತದೆಂದು ಆಸೆಪಟ್ಟಿದ್ದೆ.

ನೋಟ್‌ಬುಕ್ ಕೊಟ್ಟಿದ್ದು ನಮ್ಮ ಸೂಪರ್‌ವೈಸರನಿಗೆ. ಕುಣಿಗಲ್ಲಿನವನು, ನನ್ನ ಗೆಳೆಯ, ದಿನಾ ಬಸ್ಸಿನಲ್ಲಿ ಟವೆಲ್ ಹಾಕಿ ನನಗೂ ಸೀಟು ಹಿಡಿಯುತ್ತಿದ್ದವನು. ಮೇಲಿನವರಿಗೆ ತಾನೇ ತಲುಪಿಸುತ್ತೇನೆಂದ. ಹದಿನೈದು ದಿನಕ್ಕೆ ನನ್ನ ಆಂಟೆನಾದ ಡ್ರಾಯಿಂಗ್ ಕಾರ್ಖಾನೆಯ ಗೋಡೆಗೇರಿತು, ಅವನ ಹೆಸರಲ್ಲಿ. ನನ್ನ ಹೆಸರೆಲ್ಲಿ ಎಂದು ಅವನನ್ನೇ ಕೇಳಿದೆ.

"ಹೆಸ್ರು ಯಾರ್ದಾದ್ರೇನ್ಲಾ, ಕೆಲ್ಸ ಆಗ್ಬೇಕು ಅಷ್ಟೇ," ಎಂದ. ನಮ್ಮಮ್ಮನ ಕೈಯ ಮುದ್ದೆ ಉಂಡ ಬಾಯಿ ಅದು.

ಪರೀಕ್ಷೆಗೆ ಮಿಲಿಟರಿ ಅಧಿಕಾರಿ ಬಂದರು. ನನ್ನ ಹಳೇ ರಾಟೆ ಚೆನ್ನಾಗಿ ಕಾಣದೆಂದು ಇವನೇ ಹೊಸ ತಂತಿಗೆ ಗಂಟು ಹಾಕಿ ತಂದಿದ್ದ. ಮೊದಲ ಗಂಟಿಗೆ ಮುಳ್ಳು ಏಳಲಿಲ್ಲ, ಎರಡನೆಯದಕ್ಕೂ ಇಲ್ಲ. ತಂತಿ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅವನು ಆರಡಿ ಆಳು, ನಾನು ಐದಡಿ ಗಿಡ್ಡ. ನನ್ನ ಮಾರನ್ನು ಅವನು ತನ್ನ ಕೈಯಿಂದ ಅಳೆದಿದ್ದ.

ಅಧಿಕಾರಿ ಮುಖ ಸಿಂಡರಿಸಿದರು. ಇವನು ತಟ್ಟನೆ ನನ್ನತ್ತ ಬೆರಳು ತೋರಿಸಿದ.

"ಐಡಿಯಾ, ಅಳ್ತೆ ಎಲ್ಲಾ ಇವಂದೇ ಸಾರ್. ನೋಟ್‌ಬುಕ್ ಐತೆ, ತೋರಿಸ್ತೀನಿ."

ಅವನ ಬಾಯಲ್ಲಿ ಆ ಮಾತು ಕೇಳಬೇಕೆಂದು ನಾನು ಎಷ್ಟು ದಿನ ಕಾದಿದ್ದೆ! ಇದೆಲ್ಲ ನಿನ್ನದೇನಯ್ಯಾ ಎಂದು ಅಧಿಕಾರಿ ಕೇಳಿದರು.

"ನಂದೇ ಸಾರ್," ಎಂದೆ. ಕಾಲು ಗಂಟೆ ಕೊಟ್ಟರೆ ಗಂಟು ಸರಿಪಡಿಸುತ್ತೇನೆ ಎಂದೂ ಬೇಡಿಕೊಂಡೆ. ಅಷ್ಟರಲ್ಲಿ ಅವರು ಜೀಪಿನತ್ತ ಹೊರಟಿದ್ದರು. ನಾಳೆಯಿಂದ ಬರಬೇಡ ಎಂದು ಮಾಲೀಕರು ಹೇಳಿ ಕಳಿಸಿದರು.

ಸಂಜೆ ತುಮಕೂರಿನಲ್ಲಿ ಬಸ್ಸು ಹತ್ತಿದರೆ, ಕಿಟಕಿ ಪಕ್ಕದ ಸೀಟಿನ ಮೇಲೆ ಅವನ ಟವೆಲ್ ಇತ್ತು. ಬಾರ್ಲಾ ಕೂತ್ಕೋ ಎಂದು ಕರೆದ, ಏನೂ ಆಗಿಲ್ಲವೆಂಬಂತೆ. ನಾನು ಕುಣಿಗಲ್ಲಿನವರೆಗೂ ನಿಂತೇ ಹೋದೆ.