ಮಾವನ ಎಮ್ಮೆಯ ಎರಡನೇ ಗದ್ದ

ಕಮಲಾಪುರದಲ್ಲಿ ನನ್ನ ಸೋದರಮಾವನಿಗೆ ಒಬ್ಬ ಹೆಂಡತಿ, ಒಂದು ಕೆಂಪು ಬಾಳೆಯ ತೋಟ, ಒಂದು ಎಮ್ಮೆ. ಅಕ್ಕರೆಯ ಪ್ರಕಾರ ಹೇಳುವುದಾದರೆ ಈ ಸಾಲನ್ನು ಹಿಂದಿನಿಂದ ಓದಬೇಕು.

ಊರಿನ ದನಗಳೆಲ್ಲ ಜೋಳದ ಒಣ ಕಣಿಕೆ ಕಡಿಯುತ್ತಿದ್ದರೆ ಮಾವನ ಎಮ್ಮೆಗೆ ಮಾತ್ರ ಬೇಸಿಗೆಯಲ್ಲೂ ಹಳ್ಳದಂಚಿನ ಎಳೆ ಹುಲ್ಲು. ಕೆಸರಿಗಿಳಿದು, ಬಸವನಹುಳುಗಳನ್ನು ಕಾಲಲ್ಲೇ ಸರಿಸುತ್ತ, ತಾನೇ ಕೊಯ್ದು ತರುತ್ತಿದ್ದ. ಮನೆಯವರಿಗೆಂದು ಹಕ್ಕರಕಿ ಸೊಪ್ಪು ಬೆಳೆದದ್ದೂ ಅದೇ ಅಂಚಿನಲ್ಲಿ. ರೊಟ್ಟಿಯ ಜೊತೆ ಹಸಿ ಹಕ್ಕರಕಿ ಕಚ್ಚದಿದ್ದರೆ ನಮ್ಮ ಕಡೆಯವರಿಗೆ ಉಂಡ ಸಮಾಧಾನವಿಲ್ಲ. ಮಾವ ಅದನ್ನು ಹಳ್ಳದ ನೀರಿನಲ್ಲೇ ಜಾಲಾಡಿ, ಕಟ್ಟು ಕಟ್ಟಿ, ಕಲಬುರಗಿಯಲ್ಲಿ ಐವಾನ್-ಎ-ಶಾಹಿ ಕಡೆಯ ನನ್ನ ಮನೆಗೂ ಬಸ್ಸಿನಲ್ಲಿ ತಂದುಕೊಡುತ್ತಿದ್ದ.

ಒಂದು ಭಾನುವಾರ ನಾನು ಹೋದಾಗ ಚಹಾ ಕೂಡ ಕೇಳದೆ ಕೊಟ್ಟಿಗೆಗೆ ಎಳೆದೊಯ್ದ. ಎಮ್ಮೆಯ ದವಡೆಯ ಕೆಳಗೆ ಮೆತ್ತನೆಯ ಚೀಲದಂಥದ್ದೊಂದು ಜೋತಾಡುತ್ತಿತ್ತು. ದೃಷ್ಟಿಯಾಗದಿರಲೆಂದು ಕೊರಳಿಗೆ ಕರಿದಾರ ಬೇರೆ.

“ನೋಡು, ಸಾವಕಾರರಿಗೆ ಇರ್ತದಲ್ಲ, ಅಂಥಾ ಗದ್ದ ಬಂದದ ನಮ್ಮಾಕಿಗೆ. ತಿಂದದ್ದು ಮೈಗೆ ಹತ್ಯಾದ” ಎಂದ.

ಅತ್ತೆ ಸೆಗಣಿ ಬಾಚುತ್ತಿದ್ದವಳು ತಲೆಯೆತ್ತಲಿಲ್ಲ. “ಹಾಲು ಅರ್ಧಾ ಆಗ್ಯಾದ, ಪಕ್ಕಡಿ ಎಲುಬು ಎದ್ದಾವ. ಇವರಿಗೆ ಗದ್ದ ಒಂದೇ ಕಾಣತದ. ನಾ ಹೇಳೋದು ಕೋಣದ ಮುಂದ ಕಿನ್ನರಿ ಬಾರಿಸಿದಂಗ.”

ಹೆತ್ತವರಿಗೆ ಹೆಗ್ಗಣ ಮುದ್ದು. ಆದರೂ ನನಗೆ ಅನುಮಾನ ಬಂದು ಪರಿಚಯದ ಪಶುವೈದ್ಯೆಯೊಬ್ಬರನ್ನು ಕರೆಸಿದೆ. ಅವರು ಕೇಳಿದ್ದಕ್ಕೆಲ್ಲ ಮಾವ ಪಟಪಟನೆ ಉತ್ತರ ಕೊಟ್ಟ: ಯಾವಾಗ ಏಳುತ್ತಾಳೆ, ಯಾವ ಮಗ್ಗುಲಿಗೆ ಮಲಗುತ್ತಾಳೆ, ಎಷ್ಟು ಹೊತ್ತು ಮೆಲುಕು ಹಾಕುತ್ತಾಳೆ. ಸೆಗಣಿ ಪರೀಕ್ಷೆಯಲ್ಲಿ ಹುಳುವಿನ ಮೊಟ್ಟೆ ಕಂಡವು.

“ಇದು ಗದ್ದ ಅಲ್ರೀ, ತುಂಬಿದ ನೀರು” ಎಂದರು ವೈದ್ಯೆ. “ಲಿವರಿನಾಗ ಎಲಿಯಂಥಾ ಚಪ್ಪಟಿ ಹುಳ ಕುಂತಾವ. ಮೊದಲು ಬಸವನಹುಳದಾಗ ಬೆಳಿತಾವ, ಆಮ್ಯಾಲ ಹೊರಗ ಬಂದು ಹಳ್ಳದ ಹುಲ್ಲಿಗೆ ಅಂಟಿಕೊಂಡು ಕೂಡತಾವ. ಔಷಧ ಕುಡಸ್ತೀನಿ, ಆದ್ರ ತಡಾ ಆಗ್ಯಾದ. ಉಳಿತಾಳ ಅಂತ ಖಾತ್ರಿ ಹೇಳಂಗಿಲ್ಲ.”

ಮಾವನ ಮುಖ ಬಾಡಿಹೋಯಿತು. ಕೈಯಾರೆ ಕೊಯ್ದು ಉಣಿಸಿದ್ದಲ್ಲವೇ. ನನಗೂ ಪಾಪ ಎನ್ನಿಸಿತು. ಆ ಪಾಪ ಬಹಳ ಹೊತ್ತು ಉಳಿಯಲಿಲ್ಲ, ವೈದ್ಯೆ ಹಕ್ಕರಕಿ ಮಡಿಯ ಕಡೆ ತಿರುಗಿ, “ಇದನ್ನ ಹಸೀದೇ ಯಾರ್ಯಾರು ತಿಂತೀರಿ? ಮನಷ್ಯಾರಿಗೂ ಬರಬಹುದ್ರೀ” ಎಂದರು. ನನ್ನ ಕೈ ತಾನಾಗಿಯೇ ಗದ್ದದ ಕೆಳಗೆ ಹೋಯಿತು. ವಯಸ್ಸಿನದೆಂದು ನಾನು ಎಂದೋ ಒಪ್ಪಿಕೊಂಡಿದ್ದ ಎರಡನೇ ಗದ್ದ ಅದು.

ಅಂದಿನಿಂದ ಎಮ್ಮೆಗೆ ಒಣ ಕಣಿಕೆ. ಅದು ಮೂತಿ ತಿರುಗಿಸಿದರೆ ಮಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, “ಒಂದು ಎಸಳು ತಿನ್ನವ್ವ” ಎಂದು ಓಲೈಸುತ್ತಿದ್ದ. ಕಲಬುರಗಿಗೆ ಬಂದು ಶರಣಬಸವೇಶ್ವರನಿಗೆ ಕಾಯಿಯನ್ನೂ ಒಡೆಸಿದ. ಯಾರ ಸಲುವಾಗಿ ಎಂದು ಪೂಜಾರಿ ಕೇಳಿದರೆ, “ಮನ್ಯಾಗಿನಾಕಿ” ಎಂದ. “ನಿಮ್ಮ ಯಜಮಾನ್ತಿ ಹುಷಾರಾಗ್ತಾರ, ಚಿಂತಿ ಬಿಡ್ರಿ” ಎಂದರು ಪೂಜಾರಿ. ಮಾವ ತಿದ್ದುವ ಗೋಜಿಗೆ ಹೋಗಲಿಲ್ಲ.

ಎಮ್ಮೆ ಉಳಿಯಿತು. ಗದ್ದ ಕರಗಿತು, ಹಾಲು ಏರಿತು. ಮಾವ ಮಾತ್ರ ಅದರ ಮುಖ ಸವರಿ ನಿಟ್ಟುಸಿರುಬಿಟ್ಟ. “ಮಾರಿ ಸಣ್ಣ ಆಗ್ಯಾದ. ಭಾಳ ಸೊರಗ್ಯಾಳ.”

ಅತ್ತೆ ಹಾಲಿನ ಬಕೆಟ್ಟು ಕೆಳಗಿಟ್ಟಳು. “ನಾ ಸೊರಗಿ ವರ್ಷ ಆತು. ನನ್ನ ಮಾರಿ ಯಾವಾಗರೆ ನೋಡೀರೇನು? ನಾನೂ ಅದೇ ಹಳ್ಳದ ಹಕ್ಕರಕಿ ತಿಂದಾಕಿ.”

ಮಾವ ನೋಡಿದ. ಕುಪ್ಪಸದ ತೋಳು ಸಡಿಲಾಗಿತ್ತು, ಬಳೆ ಮೊಣಕೈವರೆಗೆ ಜಾರುತ್ತಿತ್ತು.

ಮರುದಿನವೇ ಅತ್ತೆಯನ್ನು ಕಲಬುರಗಿಗೆ ಕರೆತಂದ. ನಾನೂ ಜೊತೆಗೆ ಆಸ್ಪತ್ರೆಗೆ ಹೋದೆ. ಡಾಕ್ಟರು ಅತ್ತೆಯನ್ನು ಕೇಳಿದರೆ ಮಾವನೇ ಉತ್ತರಿಸಲು ಬಾಯಿ ತೆರೆದ.

“ಹಸಿವು ಹೆಂಗದ?”

“ಗೊತ್ತಿಲ್ರೀ.”

“ನಿದ್ದಿ?”

“ಕೇಳಿಲ್ರೀ.”

ಅತ್ತೆ ಸಹಾಯಕ್ಕೆ ಬರದೆ ಗೋಡೆಯ ಕಡೆ ನೋಡುತ್ತ ಕೂತಳು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅತ್ತೆಗೂ, ಜೊತೆಗೇ ತೋರಿಸಿಕೊಂಡ ನನಗೂ ಹುಳು ಇಲ್ಲವೆಂದು ತಿಳಿಯಿತು; ಅತ್ತೆಗೆ ರಕ್ತ ಕಡಿಮೆ, ಹೊತ್ತಿಗೆ ಸರಿಯಾಗಿ ಉಂಡು ಹಾಲು ಕುಡಿಯಬೇಕು ಅಷ್ಟೆ. ಬಸ್ ಸ್ಟ್ಯಾಂಡಿಗೆ ಹೋಗಲು ಆಟೋ ಹತ್ತಿದೆವು. ಮಾವ ರಸ್ತೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದ.

“ಊಟ ಸೇರತದೇನು ನಿನಗ?”

ಅತ್ತೆ ಸೆರಗು ಸರಿಮಾಡಿಕೊಂಡಳು. “ಈಗ ಕೇಳಿದ್ರಲ್ಲ, ಸೇರತದ.”